ಕಣ್ಣು ಕಿತ್ತಿಡುವ ತಟ್ಟೆ

ರೀ,

ತೀರಿಕೊಂಡವರಿಗೆ ಟಪಾಲು ಹೋಗುವುದಿಲ್ಲ, ಗೊತ್ತು. ಆದರೂ ಇದನ್ನು ನಿಮಗೇ ಹೇಳಬೇಕು. ಇವತ್ತು ಆಸ್ಪತ್ರೆಯಲ್ಲಿ ನನ್ನ ಬಲಗಣ್ಣಿನ ಪೊರೆ ತೆಗೆದರು. ಎಡಗಣ್ಣಿನಲ್ಲೇ ನೋಡಿಕೊಂಡು ಬರೆಯುತ್ತಿದ್ದೇನೆ.

ಆಪರೇಷನ್ನಿಗೆ ಮುಂಚೆ ಸೌಮ್ಯಶ್ರೀ ಅನ್ನುವ ನರ್ಸ್ ಪಕ್ಕದಲ್ಲಿ ಕೂತು, "ಯಾತಕ್ಕೆ ಭಯ ಆಗ್ತಿದೆ, ಹೇಳಿ ಅಮ್ಮ" ಅಂದಳು. ಈಗ ಅಲ್ಲಿ ಎಲ್ಲರನ್ನೂ ಹಾಗೆ ಕೇಳುತ್ತಾರಂತೆ. ನಾಚಿಕೆ ಬಿಟ್ಟು ಹೇಳಿದೆ: "ಕಣ್ಣುಗುಡ್ಡೆ ಕಿತ್ತು ತಟ್ಟೇಲಿಟ್ಟು ತೊಳೀತಾರಂತಲ್ಲವ್ವ?"

ಅವಳು ನಗಲಿಲ್ಲ. "ಕಣ್ಣು ಇದ್ದಲ್ಲೇ ಇರುತ್ತೆ ಅಮ್ಮ. ನನ್ನ ಕೈ ಹಿಡ್ಕೊಂಡಿರಿ. ಭಯ ಆದ್ರೆ ಅಲ್ಲಾಡ್ಬೇಡಿ, ಕೈ ಒತ್ತಿ. ಡಾಕ್ಟ್ರು ನಿಲ್ಲಿಸ್ತಾರೆ."

ಮುಖದ ಮೇಲೆ ಹಸಿರು ಬಟ್ಟೆ ಬಿತ್ತು. ಪಕ್ಕದಲ್ಲೇ ತಟ್ಟೆಯ ಸದ್ದಾಯಿತು. ಅವಳ ಕೈ ಒತ್ತಿದೆ. ಡಾಕ್ಟರು ನಿಜವಾಗಿಯೂ ನಿಲ್ಲಿಸಿದರು; ನಾನು ಕೈ ಸಡಿಲಿಸಿದ ಮೇಲೇ ಮುಂದುವರಿಸಿದರು.

ಆ ತಟ್ಟೆಯ ಮಾತು ನಿಮ್ಮದು. ಅವತ್ತು ಪೊರೆ ತೆಗೆಸಿಕೊಳ್ಳಲು ಹೋಗಿ, ಹೆದರಿ ಆಸ್ಪತ್ರೆಯ ಬಟ್ಟೆಯಲ್ಲೇ ಎದ್ದು ಮನೆಗೆ ಬಂದು ನೀವು ಅದನ್ನು ಹೇಳಿದಾಗ ಬೀದಿಯೆಲ್ಲ ನಕ್ಕಿತು, ನಾನೂ ನಕ್ಕೆ. ಆಮೇಲೆ ನೀವು ಆ ಕಡೆ ಹೋಗಲೇ ಇಲ್ಲ. ಕೊನೆಕೊನೆಗೆ ನನ್ನ ಮುಖವನ್ನು ಬೆರಳಲ್ಲಿ ಸವರಿ ಗುರುತು ಹಿಡಿಯುತ್ತಿದ್ದಿರಿ.

ನಾಳೆ ಕಟ್ಟು ಬಿಚ್ಚುತ್ತಾರೆ. ಗೋಡೆಯ ಮೇಲಿನ ನಿಮ್ಮ ಫೋಟೊ ಸ್ಪಷ್ಟವಾಗಿ ಕಾಣುತ್ತದಂತೆ. ಈಗ ನನಗೆ ಅದೊಂದೇ ಭಯ.