ಗೊಬ್ಬರ ಹಾಕದ ತೀರ

ಏಪ್ರಿಲ್ 9, ಸಂಜೆ

ಬ್ರೆಸ್ತ್‌ನ ಲ್ಯಾಬಿನಲ್ಲಿ ಚೀಟಿ ಎತ್ತಿದ್ದಾಯಿತು. ಒಡೆದ ಹಡಗಿನ ಎಣ್ಣೆ ಮೆತ್ತಿದ ಐದು ತೀರ. ಎಣ್ಣೆ ತಿನ್ನುವ ಸೂಕ್ಷ್ಮಜೀವಿಗಳು ಕಡಲಲ್ಲೇ ಇವೆ, ಗೊಬ್ಬರ ಸಿಕ್ಕರೆ ಬೇಗ ಹೆಚ್ಚುತ್ತವೆ. ನಾಲ್ಕು ತೀರಕ್ಕೆ ಗೊಬ್ಬರ. ಐದನೆಯದಕ್ಕೆ ಏನೂ ಇಲ್ಲ — ಹೋಲಿಸಿ ನೋಡಲು. ಎತ್ತಿದವಳು ನಾನು. ಗೊಬ್ಬರವಿಲ್ಲದ ಚೀಟಿ ಬಂದದ್ದು ನಮ್ಮೂರಿಗೇ. ಥೂ, ನನ್ನ ಕೈ ಸೇದಿಹೋಗ.

ಅತ್ತೆಗೆ ಹೇಳಿದೆ. "ಊರವರ ಹುಳಕ್ಕೆಲ್ಲ ಊಟ, ನಮ್ಮನೇವಕ್ಕೆ ಉಪವಾಸಾನಾ? ಚೆನ್ನಾಗಿದೆ ಕಣೇ ನಿನ್ನ ಓದು!"

ಏಪ್ರಿಲ್ 20, ಭಾನುವಾರ

ನನ್ನ ಗಂಡ ಗೂಲ್ವೆನ್‌ನ ಫೋನ್. ಹಡಗು ಒಡೆದು ನಾವು ಸಿಂಪಿ ಸಾಕುವ ಮಡಿಯೆಲ್ಲ ಕಪ್ಪಾದ ಮೇಲೆ, ದಕ್ಷಿಣದ ಆರ್ಕಶಾನ್‌ನಲ್ಲಿ ತನ್ನ ಅಣ್ಣನ ಜೊತೆ ಕೆಲಸ ಮಾಡುತ್ತಿದ್ದಾನೆ. ಸಿಂಪಿ ಮಾರುವ ಹಾಗಾದ ದಿನ ಬರುತ್ತೇನೆ ಅಂದು ಹೋದವನು. "ಎಷ್ಟು ತಿಂದ್ವು ನಿನ್ನ ಹುಳ?" ಅಂದ. ಲೆಕ್ಕ ಹೇಳಿದೆ. "ಹೂಂ" ಅಂದ. ಅಷ್ಟೇ.

ಅವನ ದಿಂಬಿನ ಕವರು ಇನ್ನೂ ಒಗೆದಿಲ್ಲ. ಹುಚ್ಚು.

ಜೂನ್ 14

ಕಾರಿನಲ್ಲಿ ಗೊಬ್ಬರದ ಚೀಲ ಒಂದು ಉಳಿದಿತ್ತು. ನಮ್ಮ ತೀರದ ಮೇಲಿನ ದಾರಿಯಲ್ಲಿ ನಿಲ್ಲಿಸಿ ಅರ್ಧ ಗಂಟೆ ಕೂತೆ. ಸುರಿದರೆ ಯಾರು ಕೇಳಬೇಕು... ಸುರಿಯಲಿಲ್ಲ. ವಾಪಸ್ ಕೊಟ್ಟು ಬಂದೆ. ಅವನು ಬೇಕು ನನಗೆ. ತುಂಬಾ ಬೇಕು.

ಆಗಸ್ಟ್ 27

ನಮ್ಮ ತೀರದಲ್ಲೂ ಎಣ್ಣೆ ಕರಗಿದೆ! ಉಳಿದ ನಾಲ್ಕರಲ್ಲಿ ಕರಗಿದಷ್ಟೇ. ಕುಣಿಯಬೇಕು ಅನ್ನಿಸಿತು. ನಮ್ಮ ಮುಖ್ಯಸ್ಥೆ ಮೇಡಂ ಮುಖ ಮಾತ್ರ ಹುಳ್ಳಗೆ. "ಹಾಕದೇ ಇದ್ರೂ ಇಷ್ಟು ಹೋಗತ್ತೆ ಅಂದ್ರೆ ದುಡ್ಡು ಕೊಡೋರು ಗೊಬ್ಬರ ದಂಡ ಅಂತಾರೆ, ಎನೋರಾ. ಎಣ್ಣೆ ಮೆತ್ತಿರೋ ಉತ್ತರದ ಹನ್ನೊಂದು ತೀರಕ್ಕೆ ಗೊಬ್ಬರ ಇನ್ನು ಸಿಗಲ್ಲ."

ಆಗಸ್ಟ್ 28, ಬೆಳಿಗ್ಗೆ 7

ಅತ್ತೆ ಸಿಕ್ಕಿಬಿದ್ದರು. ತೀರದಲ್ಲಿ ಕೈಗಾಡಿ, ಗಾಡಿಯಲ್ಲಿ ಹಂದಿ ಗೊಬ್ಬರ. ಏಪ್ರಿಲ್‌ನಿಂದ ದಿನಾ ಎರಡು ಗಾಡಿಯಂತೆ! ಸುತ್ತಲೂ ಹಂದಿ ಸಾಕುವವರೇ, ವಾಸನೆ ಯಾರಿಗೆ ಗೊತ್ತಾಗಬೇಕು.

"ಅತ್ತೆ, ಏನು ಮಾಡಿಬಿಟ್ರಿ!"

"ಮಗ ಬರ್ಲಿ ಅಂತ ಮಾಡ್ದೆ. ನೀನಂತೂ ಮಾಡ್ಲಿಲ್ಲ."

ಹೇಳಿದರೆ ಹಂದಿ ಗೊಬ್ಬರ ಬಿದ್ದ ನೀರಿನ ಸಿಂಪಿ ಮಾರುವಂತಿಲ್ಲ, ಇನ್ನೊಂದು ವರ್ಷ ಬಂದ್. ಹೇಳದಿದ್ದರೆ ಗೂಲ್ವೆನ್ ಮುಂದಿನ ವಾರ ಮನೆಯಲ್ಲಿ. ಆದರೆ ಆ ಹನ್ನೊಂದು ತೀರ ಕಪ್ಪಗೇ ಉಳಿಯುತ್ತವೆ. ಅಲ್ಲೂ ಯಾರೋ ಕಾಯುತ್ತಿರುತ್ತಾರೆ. ಜೊತೆಗೆ, ಆ ಸಿಂಪಿ ತಿಂದವರ ಗತಿ?

ಆಗಸ್ಟ್ 29

ಹೇಳಿದೆ. ಮೇಡಂಗೆ, ಎಲ್ಲಾ. ಆಮೇಲೆ ಕಾರಿನಲ್ಲಿ ಕೂತು ಅತ್ತುಬಿಟ್ಟೆ.

ಆಗಸ್ಟ್ 31, ಭಾನುವಾರ

ಗೂಲ್ವೆನ್‌ಗೆ ಎಲ್ಲ ಒದರಿದೆ. ಅಮ್ಮನ ಕೈಗಾಡಿ ಕಥೆ ಕೇಳಿ ನಕ್ಕು ನಕ್ಕು ಕೆಮ್ಮಿದ. ಎಷ್ಟು ತಿಂಗಳಾಗಿತ್ತು ಆ ನಗು ಕೇಳಿ. ಆಮೇಲೆ ನಗು ನಿಲ್ಲಿಸಿ ಅಂದ,

"ಇನ್ನೊಂದು ವರ್ಷ."

"ಹೂಂ."

"ಎನೋರಾ, ವಾರವಾರ ಹುಳದ ಲೆಕ್ಕ ಕೊಡ್ತೀಯ. ಒಂದು ಸಲನಾದ್ರೂ ಬಾ ಅಂದಿದ್ದೀಯಾ?"

ಅಂದಿರಲಿಲ್ಲ. ಸೋತು ಹೋದವನನ್ನು ಬರಿಗೈಯಲ್ಲಿ ಕರೆಯಬಾರದು ಅಂದುಕೊಂಡಿದ್ದೆ. ಎಂಥ ಪೆದ್ದಿ ನಾನು! ಸಿಂಪಿ ಹಾಳಾಗಿ ಹೋಗಲಿ, ಬಾ ಮಾರಾಯಾ, ಅಂದೆ. ನಾಳೆ ಮೊದಲ ರೈಲು ಎಷ್ಟಕ್ಕೆ ನೋಡು, ಅಂದ. ನೋಡುತ್ತಿದ್ದೇನೆ. ಆರ್ಕಶಾನ್ ಬಿಡುವುದು ಆರೂವರೆಗೆ.