ಐದು ಶನಿವಾರ, ಎದುರುಮನೆ ಜಗಲಿಯಲ್ಲಿ

ಮಿಲ್ವಾಕಿ
ಮೇ 2, 2024

ಮಗಳೇ ಝಕಿಯಾ,

ನಿನ್ನ ಆಹ್ವಾನ ಬಂದು ಮೂರು ವಾರವಾಯಿತು. ಉತ್ತರ ಬರೆಯದಿದ್ದದ್ದು ತಪ್ಪು, ಒಪ್ಪಿದೆ. ಪುರಸೊತ್ತಿರಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ, ಸಿಟ್ಟು ಬಂದಿತ್ತು. ಫೋನಿನಲ್ಲಿ ಬೈದರೆ ನೀನು ‘ಅಜ್ಜೀ, ಅಜ್ಜೀ’ ಎಂದು ನಡುವೆ ಬಾಯಿ ಹಾಕಿ ಕರಗಿಸಿಬಿಡುತ್ತೀಯ. ಕಾಗದವಾದರೆ ಎದುರು ಮಾತಾಡುವುದಿಲ್ಲ. ನನ್ನ ಮಂಡಿನೋವು ಹಾಗೇ ಇದೆ. ನಿಮ್ಮಪ್ಪ ಭಾನುವಾರ ಬಂದು ಮುರಿದ ಮೆಟ್ಟಿಲು ಸರಿಮಾಡಿ, ಸಿಹಿಗೆಣಸಿನ ಪೈ ಅರ್ಧ ಖಾಲಿ ಮಾಡಿ ಹೋದ.

ನಿನಗೆ ಫೆಲೋಶಿಪ್ ಸಿಕ್ಕಿದಾಗ ಚರ್ಚಿನಲ್ಲಿ ಎದ್ದು ನಿಂತು ಹೇಳಿದವಳು ನಾನು. ‘ಹೊಸದಾಗಿ ಪತ್ರಿಕೆ ಸೇರಿದ ಹನ್ನೆರಡೇ ಹನ್ನೆರಡು ಮಕ್ಕಳನ್ನ ಆರಿಸಿದಾರೆ. ಈ ಊರಲ್ಲಿ ಬಿಳಿ ಜನಕ್ಕೆ ಸಿಕ್ಕಿದ್ದೇನು, ನಮ್ಮ ಕಪ್ಪು ಜನಕ್ಕೆ ಸಿಗದೇ ಹೋಗಿದ್ದೇನು ಅಂತ ಒಂದು ವರ್ಷ ಬರೆಸ್ತಾರಂತೆ. ಅದ್ರಲ್ಲಿ ನನ್ನ ಮೊಮ್ಮಗಳೂ ಒಬ್ಬಳು!’ ಪಾದ್ರಿ ‘ಆಮೆನ್’ ಎಂದರು. ನನ್ನ ಪಕ್ಕ ಕೂತಿದ್ದ ಎದುರುಮನೆ ವರ್ಡೆಲ್ ಅವರಿಗಿಂತ ಜೋರಾಗಿ ಎಂದಳು. ನನಗೆ ಆಗಲೇ ಅನುಮಾನ ಬರಬೇಕಿತ್ತು.

ಆಮೇಲೆ ನೀನೇನು ಮಾಡಿದೆ? ಹೆದ್ದಾರಿಗೆಂದು ಕೆಡವಿಹಾಕಿದ ನಮ್ಮ ಹಳೆಯ ಕೇರಿಯ ಬಗ್ಗೆ ಬರೆಯಲು ಬಂದೆ. ಕಾರನ್ನು ನನ್ನ ಮನೆ ಮುಂದೆ ನಿಲ್ಲಿಸಿ, ರಸ್ತೆ ದಾಟಿ ವರ್ಡೆಲ್ ಮನೆ ಜಗಲಿ ಹತ್ತಿದೆ. ಒಂದಲ್ಲ, ಐದು ಶನಿವಾರ! ನಾನು ಪರದೆ ಸರಿಸಿ ನೋಡಿದೆ, ಅದರಲ್ಲೇನು ನಾಚಿಕೆ. ಅವಳು ಕೈ ಆಡಿಸಿಕೊಂಡು ಹೇಳುತ್ತಿದ್ದಳು, ನೀನು ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದೆ. ಅವಳ ಆ ನೀರುನೀರು ನಿಂಬೆ ಪಾನಕವನ್ನು ಎರಡೆರಡು ಲೋಟ ಕುಡಿದೆ. ಇಲ್ಲಿ ನಿನಗೆಂದು ಬೇಯಿಸಿದ ಸೊಪ್ಪು ಆರಿ ತಣ್ಣಗಾಗುತ್ತಿತ್ತು.

ಕೇಳಿದ್ದಕ್ಕೆ ನೀನು ಹೇಳಿದ್ದು ಇದು: ‘ಅಜ್ಜೀ, ಸ್ವಂತ ಮನೆಯವರ ಮಾತನ್ನ ವರದೀಲಿ ಹಾಕೋ ಹಾಗಿಲ್ಲ. ಸಂಪಾದಕರ ನಿಯಮ.’

‘ನಿನಗೆ ಜಡೆ ಹೆಣೆದ ಕೈ ಕಣೇ ಇದು. ಅಷ್ಟಕ್ಕೇ ನನ್ನ ಸಾಕ್ಷಿ ಬೇಡವಾಯ್ತಾ?’

‘ಅಷ್ಟಕ್ಕೇ ಅಜ್ಜಿ.’

ಎಂಥ ನಿಯಮವೋ! ಅನ್ನ ಹಾಕಿದವರ ಮಾತಿಗೆ ಬೆಲೆಯಿಲ್ಲ, ಪಾನಕ ಕೊಟ್ಟವರ ಮಾತು ಅಚ್ಚಾಗುತ್ತದೆ.

ಪತ್ರಿಕೆ ಬಂತು. ಅರ್ಧ ಪುಟ ವರ್ಡೆಲ್ ಮುಖ, ಈಸ್ಟರ್ ಹಬ್ಬದ ಟೋಪಿ ಸಮೇತ. ಈಗ ಅಂಚೆ ಕಚೇರಿಯಲ್ಲೂ ಅವಳಿಗೆ ‘ಮಿಸ್ ವರ್ಡೆಲ್, ನೀವು ಮುಂದೆ ಬನ್ನಿ’ ಎನ್ನುತ್ತಾರಂತೆ. ಸಾಲದ್ದಕ್ಕೆ ನಿನ್ನ ಆಹ್ವಾನ: ಗ್ರಂಥಾಲಯದಲ್ಲಿ ನೀವೆಲ್ಲ ವರದಿ ಓದುವ ದಿನ ಅವಳಿಗೆ ವೇದಿಕೆಯ ಮೇಲೆ ಕುರ್ಚಿ, ನನಗೆ ಮೂರನೆಯ ಸಾಲು.

ಪತ್ರಿಕೆ ಮಡಿಚಿಕೊಂಡು ರಸ್ತೆ ದಾಟಿದೆ.

‘ಬಾರೇ ಒಲೀಟಾ,’ ಎಂದಳು. ‘ಆ ಮಂಡಿ ಎಳ್ಕೊಂಡು ಬಂದಿದೀಯ ಅಂದ್ರೆ ಜಗಳಕ್ಕೇ ಇರಬೇಕು.’

‘ನಮ್ಮಮ್ಮನ ಕಥೆ ಹೇಳೋಕೆ ನೀನ್ಯಾರೇ? ಆ ಚಿಲಕ ನಮ್ಮನೇದು, ನೋಟೀಸು ನಮ್ಮನೇದು!’

ಹೌದು ಝಕಿಯಾ. ಮನೆ ಬಿಡಿಸುವ ನೋಟೀಸು ಮುಟ್ಟುವುದಿಲ್ಲ ಎಂದು ಮೂರು ತಿಂಗಳು ಚಿಲಕ ಹಾಕಿಕೊಂಡ ಒಬ್ಬ ಹೆಂಗಸಿನ ಬಗ್ಗೆ ವರ್ಡೆಲ್ ಹೇಳಿದಳಲ್ಲ, ಕೊನೆಗೆ ನೋಟೀಸು ಹೇಗೋ ಒಳಗೆ ಹೋಯಿತು, ಮೂವತ್ತು ದಿನಕ್ಕೆ ಮನೆ ನೆಲಸಮವಾಯಿತು ಎಂದಳಲ್ಲ, ಆ ಹೆಂಗಸು ನಿನ್ನ ಮುತ್ತಜ್ಜಿ. ನಿನ್ನ ನಿಯಮ ಅಲ್ಲೇ ಮುರಿದು ಬಿದ್ದಿದೆ. ಸಂಪಾದಕರಿಗೆ ಏನು ಹೇಳುತ್ತೀಯೋ ಹೇಳಿಕೋ.

ವರ್ಡೆಲ್ ನನ್ನ ಸಿಟ್ಟು ಇಳಿಯುವ ತನಕ ಕಾದಳು.

‘ಪೂರ್ತಿ ಓದ್ದೆಯೇನೇ?’

‘ಎರಡು ಸಲ.’

‘ಹಂಗಾದ್ರೆ ನಾನು ಏನು ಹೇಳ್ಲಿಲ್ಲ ಅನ್ನೋದೂ ಗೊತ್ತಾಗಿರುತ್ತೆ. ಕೂತ್ಕೊ, ಪಾನಕ ಕುಡಿ.’

ಕುಡಿದೆ. ಸಕ್ಕರೆಯೇ ಹಾಕಿರಲಿಲ್ಲ.

ಹದಿನಾಲ್ಕನೇ ತಾರೀಕು ಬರುತ್ತೇನೆ. ವರ್ಡೆಲ್‌ಗೆ ಕಣ್ಣಲ್ಲಿ ಪೊರೆ, ಕಾರು ನಾನೇ ಓಡಿಸಬೇಕು. ಕೈಹಿಡಿದು ವೇದಿಕೆ ಹತ್ತಿಸುವ ಭಾಗ್ಯವೂ ನನ್ನದೇ. ಅವಳದಕ್ಕಿಂತ ದೊಡ್ಡ ಟೋಪಿ ನನ್ನ ಹತ್ತಿರ ಇದೆ, ಹಾಕಿಕೊಂಡೇ ಬರುವವಳು. ನಾಲ್ಕನೆಯ ಸಾಲಿನವರಿಗೆ ಏನೂ ಕಾಣಲಿಲ್ಲ ಎಂದು ನನ್ನನ್ನು ಕೇಳಬೇಡ.

ಹೊತ್ತುಹೊತ್ತಿಗೆ ಊಟ ಮಾಡು. ಯಾರಿಗೂ ಹೆದರದೆ ಬರೆ. ದೇವರು ನಿನ್ನ ಕೈಯನ್ನು ಕಾಯಲಿ.

ನಿನ್ನ ಅಜ್ಜಿ,
ಒಲೀಟಾ

ಇನ್ನೊಂದು ಮಾತು. ಶಾಲೆ ಯಾಕೆ ಬಿಟ್ಟೆ ಎಂದು ಕೇಳಿದಾಗಲೆಲ್ಲ ಅಮ್ಮನಿಗೆ ನೆರವಾಗಲು ಎಂದಿದ್ದೇನೆ. ಸುಳ್ಳು. ಅಮ್ಮ ಆಸ್ಪತ್ರೆಯ ಬಟ್ಟೆ ಒಗೆಯಲು ಹೋಗಿದ್ದಾಗ ಚಿಲಕ ತೆಗೆದವಳು ನಾನು. ಆಗ ನನಗೆ ಹದಿನಾಲ್ಕು ವರ್ಷ. ನೋಟೀಸು ತಂದವನು ಟೋಪಿ ತೆಗೆದು ‘ಮಿಸ್’ ಎಂದ. ಒಬ್ಬ ಬಿಳಿಯ ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು. ಕಾಗದ ತಲುಪಿತೆಂದು ಹೆಸರು ಬರೆಯಿರಿ ಎಂದ. ತರಗತಿಗೇ ಚೆಂದದ ಅಕ್ಷರ ನನ್ನದು. ಜಂಬದಿಂದ ಪೂರ್ತಿ ಹೆಸರು ಬರೆದುಕೊಟ್ಟೆ. ಅಮ್ಮ ಒಂದು ಮಾತೂ ಬೈಯಲಿಲ್ಲ. ಆಮೇಲೆ ಶಾಲೆಯಲ್ಲಿ ಪೆನ್ನು ಹಿಡಿಯಲು ನನ್ನಿಂದ ಆಗಲಿಲ್ಲ. ಅವತ್ತು ಮೆಟ್ಟಿಲ ಮೇಲೆ ಕೂತು ನೋಡಿದವಳು ವರ್ಡೆಲ್ ಒಬ್ಬಳೇ. ಪತ್ರಿಕೆಯಲ್ಲಿ ನನ್ನ ಹೊಟ್ಟೆ ಉರಿಸಿದ್ದು ಅವಳ ಮುಖವಲ್ಲ ಮಗಳೇ, ಪೆನ್ನು ಹಿಡಿದು ನೀನು ಬರೆದದ್ದರ ಕೆಳಗೆ ಅಚ್ಚಾಗಿದ್ದ ನಿನ್ನ ಪೂರ್ತಿ ಹೆಸರು. ಮನೆಯವರ ಮಾತು ಹಾಕಬಾರದೆಂಬ ಆ ನಿಯಮವನ್ನು ನೀನು ಗೊತ್ತಿಲ್ಲದೆ ಒಂದು ಸಲ ಮುರಿದೆ. ಇನ್ನು ಮುರಿಯಬೇಡ. ಅದನ್ನು ನಂಬಿಯೇ ಇಷ್ಟು ಬರೆದಿದ್ದೇನೆ.