ಗಂಡನ ಆರೋಗ್ಯಕ್ಕಾಗಿ

ಜೂನ್ 7, ಶುಕ್ರವಾರ

ಕೃತಕ ಹಲ್ಲು ಮಾಡುವ ನಮ್ಮ ಲ್ಯಾಬ್‌ನಲ್ಲಿ ಇವತ್ತು ಆರು ಹಲ್ಲು, ಎರಡು ಪೂರ್ತಿ ಸೆಟ್. ಏಳನೆಯ ಹಲ್ಲು ನನ್ನದೇ — ಮೇಲಿನ ಸಾಲು, ಎಡಗಡೆ. ಮಂಗಳವಾರ ಗಂಡ ಇಸ್ತ್ರಿಪೆಟ್ಟಿಗೆಯಿಂದ ಹೊಡೆದಾಗ ಮುರಿದದ್ದು. ಇಸ್ತ್ರಿ ತಣ್ಣಗಿತ್ತು. ಅದಕ್ಕೂ ದೇವರಿಗೆ ಸ್ತೋತ್ರ ಹೇಳಿದೆ. ಹೇಳಬೇಕಿತ್ತೇ?

"ಬಾತ್‌ರೂಮಲ್ಲಿ ಜಾರಿದೆ" ಎಂದೆ. ಪ್ಲಾಸ್ಟರ್ ಕಲಸುತ್ತಿದ್ದ ಸಹೋದ್ಯೋಗಿ ತಲೆಯೆತ್ತಲಿಲ್ಲ. "ನಿಮ್ಮನೆ ಬಾತ್‌ರೂಮಿಗೆ ಕೈ ಬಂದಿದೆ ಕಣಕ್ಕ. ವರ್ಷಕ್ಕೆ ಮೂರು ಸಲ ಹೊಡೆಯುತ್ತೆ."

ಜೂನ್ 9, ಭಾನುವಾರ

ಚರ್ಚಿನ ಪ್ರಾರ್ಥನಾ ಪೆಟ್ಟಿಗೆಗೆ ಚೀಟಿ ಹಾಕಿದೆ. ಹೆಸರು ಬರೆಯುವಂತಿಲ್ಲ. "ಒಬ್ಬ ಸಹೋದರಿ, ಗಂಡನ ಏಟಿನಿಂದ ಬಿಡುಗಡೆಗಾಗಿ." ಚೀಟಿಗಳನ್ನು ಓದುವುದು ಸಭೆಯ ಹಿರಿಯರು — ಅಂದರೆ ನನ್ನ ಗಂಡ. ಅಷ್ಟು ಜನರೆದುರು ಬರೆದದ್ದನ್ನು ಬಿಟ್ಟು ಬೇರೆ ಓದಲಾರರು ಎಂದುಕೊಂಡಿದ್ದೆ.

ನನ್ನ ಅಕ್ಷರ ನೋಡಿದರು. ಕನ್ನಡಕ ಒರೆಸಿಕೊಂಡರು. "ಒಬ್ಬ ಸಹೋದರಿ, ಗಂಡನ ಆರೋಗ್ಯಕ್ಕಾಗಿ."

ಸಭೆಯೆಲ್ಲ ಆಮೆನ್ ಎಂದಿತು. ಅಭ್ಯಾಸಬಲದಿಂದ ನಾನೂ.

ಚೀಟಿ ಬರೆದದ್ದು ದೇವರಿಗೋ, ಅವರಿಗೋ? ನಿಜ ಹೇಳಬೇಕೆಂದರೆ... ಇಬ್ಬರಿಗೂ. ಊಟಕ್ಕೆ ಕರೆಯುತ್ತಿದ್ದಾರೆ. ದನಿ ತೀರಾ ಮೆತ್ತಗಿದೆ.

ಜೂನ್ 27, ಗುರುವಾರ

ಎಡಗೈಯಲ್ಲಿ ಬರೆಯುತ್ತಿದ್ದೇನೆ.

ಅವತ್ತು ಊಟವಾದ ಮೇಲೆ ಕೇಳಿದರು, "ಯಾವ ಕೈಲಿ ಬರೆದೆ?" ಬಲಗೈಯನ್ನು ಬಾಗಿಲ ಸಂದಿಗೆ ತುರುಕಿ ಬಾಗಿಲನ್ನು ಒದ್ದರು. ಕರ್ತನೇ ಎಂದು ಕಿರುಚಿದೆ. "ಕರಿ, ಇನ್ನೂ ಜೋರಾಗಿ ಕರಿ." ಮತ್ತೆ ಒದ್ದರು. ಮೂಳೆಯ ಸದ್ದು ನನಗೇ ಕೇಳಿಸಿತು. ಮೇಣದಲ್ಲಿ ಹಲ್ಲು ಕೆತ್ತುವ ಮೂರು ಬೆರಳು.

ಪಾದ್ರಿ ಆಸ್ಪತ್ರೆಗೆ ಬಂದರು. ಅವರಿಗೆ ಎಲ್ಲ ಹೇಳಿದೆ. "ಶಿಲುಬೆ ಅಂದ್ಕೊಂಡು ಹೊರಬೇಕಮ್ಮ." ಯೇಸು ತಾನಾಗಿ ಹೊತ್ತ. ಆ ಸಂದಿಯಲ್ಲಿ ನಾನಾಗಿ ಕೈ ಇಟ್ಟಿರಲಿಲ್ಲ.

ದೇವರ ಮೇಲೆ ಕೋಪವಿಲ್ಲ. ಇಲ್ಲವೇ? ಇದೆ. ಪ್ರಾರ್ಥನೆಯನ್ನು ಮಾತ್ರ ಬಿಟ್ಟಿಲ್ಲ. ಬೇರೆ ಯಾರಿಗೆ ಹೇಳಲಿ?

ಇವತ್ತು ಬೆಳಗ್ಗೆ ಕಾಫಿ ಚೆಲ್ಲಿದೆ. "ಇನ್ನೊಂದು ಕೈ ಇದೆಯಲ್ಲ" ಎಂದರು.

ಜೂನ್ 30, ಭಾನುವಾರ

ಚರ್ಚಿನಲ್ಲಿ ಗಂಡ ಕೊನೆಯ ಚೀಟಿ ಓದಿ ಮಡಿಸಿದರು. ಎದ್ದು ನಿಂತೆ.

"ನಂದೊಂದು ಬಾಕಿ ಇದೆ. ಮೂರು ವಾರದ ಹಿಂದೆ ತಪ್ಪಾಗಿ ಓದಿದ್ರು."

ಬ್ಯಾಂಡೇಜ್ ಬಿಚ್ಚಿ ಕೈಯೆತ್ತಿದೆ. ಹೇಳಿದೆ. ಹಲ್ಲು, ಬಾಗಿಲು, ಎಲ್ಲ.

"ಕೂತ್ಕೊಳಮ್ಮ, ಆಮೇಲೆ ಮಾತಾಡೋಣ" ಎಂದರು ಪಾದ್ರಿ. ಅಷ್ಟರಲ್ಲಿ ಅವನು — ನನ್ನ ಗಂಡ — ವೇದಿಕೆ ಇಳಿದು ಬಂದು ಕೂದಲು ಹಿಡಿದೆಳೆದ. ಹಣೆ ಬೆಂಚಿಗೆ ಬಡಿಯಿತು. ಕಣ್ಣಿಗೆ ರಕ್ತ. ಆರ್ಗನ್ ನುಡಿಸುವ ಅಜ್ಜಿ ದಪ್ಪ ಕೀರ್ತನೆ ಪುಸ್ತಕ ಎತ್ತಿ ಅವನ ಮೊಣಕೈಗೆ ಬಾರಿಸಿದಳು.

"ಬಿಡೋ! ನಿನ್ನ ಆರೋಗ್ಯಕ್ಕೆ ಆಮೆನ್ ಬೇರೆ ಅಂದ್ವಲ್ಲೋ!"

ಆಗ ಗಂಡಸರು ಎದ್ದರು. ಆಗ.

ಜುಲೈ 1, ಸೋಮವಾರ, ಬೆಳಗ್ಗೆ 11

ಪೊಲೀಸ್ ಠಾಣೆಯ ಬೆಂಚು. ಅಜ್ಜಿ ಪಕ್ಕದಲ್ಲೇ ತೂಕಡಿಸುತ್ತಿದ್ದಾಳೆ. ಅವನು ಒಳಗಿದ್ದಾನೆ. ನಾನು ದೂರಿಗೆ ಸಹಿ ಹಾಕದಿದ್ದರೆ ಸಂಜೆಯೊಳಗೆ ಮನೆಗೆ ಬರುತ್ತಾನೆ.

ಪಾದ್ರಿ ಎರಡು ಸಲ ಫೋನ್ ಮಾಡಿದರು. ಕ್ಷಮಿಸಬೇಕಂತೆ. ಪ್ರಯತ್ನಿಸುತ್ತೇನೆ. ಕ್ಷಮಿಸಿಯೂ ಸಹಿ ಹಾಕಬಹುದೇ? ಗೊತ್ತಿಲ್ಲ. ಸಹಿ ಹಾಕದೆ ಬದುಕಿ ಉಳಿಯುವುದಿಲ್ಲ — ಅದು ಗೊತ್ತು.

"ಎಡಗೈ ಸಹಿ ನಡೆಯುತ್ತಾ?"

"ಹೆಬ್ಬೆಟ್ಟೂ ನಡೆಯುತ್ತೆ ಮೇಡಂ. ನೀವು ನಡುಗಬೇಡಿ" ಎಂದಳು ಮಹಿಳಾ ಪೇದೆ.

ಹದಿನೆಂಟು ವರ್ಷ ಅವನನ್ನು ಬದಲಿಸು ಎಂದು ಬೇಡಿದೆ. ಇವತ್ತು ಅಷ್ಟು ದೊಡ್ಡದೇನೂ ಬೇಡ, ಕರ್ತನೇ. ಈ ಕೈ ಹಿಡಿದುಕೋ. ಒಂದು ಸಹಿಯಷ್ಟು ಹೊತ್ತು.

ಕರೆಯುತ್ತಿದ್ದಾರೆ. ಇದೇ ಪೆನ್ನು ಸಾಕಂತೆ, ತೆಗೆದುಕೊಂಡು —